ಪ್ಲೇನ್ ಅಂದರೆ ಏನಿಲ್ಲ?

ದರ್ಶಿನಿಯ ಬೆಲೆಪಟ್ಟಿಯಲ್ಲಿ ಪ್ಲೇನ್ ದೋಸೆ, ಜವಳಿ ಅಂಗಡಿಯಲ್ಲಿ ಪ್ಲೇನ್ ಸೀರೆ, ಜೆರಾಕ್ಸ್ ಅಂಗಡಿಯಲ್ಲಿ ಪ್ಲೇನ್ ಪೇಪರ್. ಕನ್ನಡಿಗರ ಬಾಯಲ್ಲಿ ದಿನವಿಡೀ ಓಡಾಡುವ ಈ ಇಂಗ್ಲಿಷ್ ಪದಕ್ಕೆ ಅರ್ಥ ಕೇಳಿದರೆ 'ಸಾದಾ' ಎಂದು ಥಟ್ಟನೆ ಉತ್ತರ ಬರುತ್ತದೆ. ಇಂಗ್ಲಿಷಿನವರಿಗೆ ಅಷ್ಟಕ್ಕೆ ಮುಗಿಯುವುದಿಲ್ಲ. ಮರಗಿಡವಿಲ್ಲದ ಬಯಲೂ ಅವರಿಗೆ ಪ್ಲೇನ್, ಮುಚ್ಚುಮರೆಯಿಲ್ಲದ ಮಾತೂ ಪ್ಲೇನ್. ಗದ್ಯವನ್ನು ಹಾಗೆಂದರೆ ಹೊಗಳಿಕೆ, ಹೆಣ್ಣಿನ ಮುಖವನ್ನು ಹಾಗೆಂದರೆ ಅವಮಾನ. ಸಮವಸ್ತ್ರ ಹಾಕದ ಪೊಲೀಸು, ಹಾಲು ಬೆರೆಸದ ಚಾಕೊಲೇಟು, ವಾದ್ಯವಿಲ್ಲದ ಚರ್ಚಿನ ಹಾಡು, ಒಂದೆಳೆ ಮೇಲೆ ಒಂದೆಳೆ ಕೆಳಗೆ ಹೋಗುವ ನೇಯ್ಗೆ, ಎಲ್ಲವೂ ಪ್ಲೇನೇ.

ಇಷ್ಟು ದೂರ ದೂರದ ಅರ್ಥಗಳು ಒಂದೇ ಪದದಲ್ಲಿ ಹೇಗೆ ಕೂಡಿಕೊಂಡವು? ಪಟ್ಟಿಯನ್ನು ಇನ್ನೊಮ್ಮೆ ನೋಡಿದರೆ ಗುಟ್ಟು ಸಿಗುತ್ತದೆ. ವಸ್ತುವಿನಲ್ಲಿ ಏನಿದೆ ಎಂಬುದನ್ನು ಈ ಪದ ಎಲ್ಲಿಯೂ ಹೇಳುತ್ತಿಲ್ಲ. ಪಲ್ಯವಿಲ್ಲ, ಅಂಚಿಲ್ಲ, ಹಾಲಿಲ್ಲ, ಖಾಕಿಯಿಲ್ಲ, ತಬಲಾ ಪಿಟೀಲು ಇಲ್ಲ ಎಂದು ಇಲ್ಲದ್ದನ್ನೇ ಹೇಳುತ್ತಿದೆ. ಹಾಗಾಗಿ ಯಾರಾದರೂ ಯಾವುದನ್ನಾದರೂ ಪ್ಲೇನ್ ಎಂದಾಗ ಎರಡು ಪ್ರಶ್ನೆ ಕೇಳಬೇಕು. ಏನು ಕಳೆದಿದೆ? ಕಳೆದವರು ಯಾರು?

ಮೊದಲು ಪದದ ಹುಟ್ಟು. ಲ್ಯಾಟಿನ್ನಿನ 'ಪ್ಲಾನುಸ್' ಎಂದರೆ ಮಟ್ಟಸವಾದದ್ದು, ಚಪ್ಪಟೆಯಾದದ್ದು. ಹಳೆಯ ಫ್ರೆಂಚಿನ ಮೂಲಕ ಅದು ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂತು. ಬಡಗಿ ಮರವನ್ನು ನಯಗೊಳಿಸುವ ಕೀಸುಳಿಗೆ ಇಂಗ್ಲಿಷಿನಲ್ಲಿರುವ ಹೆಸರು ಇದೇ ಬೇರಿನದು. ವಿವರಿಸು ಎಂಬರ್ಥದ 'ಎಕ್ಸ್‌ಪ್ಲೇನ್' ಕೂಡ ಅಲ್ಲಿಯದೇ, ಏರುತಗ್ಗುಗಳನ್ನು ಮಟ್ಟ ಮಾಡಿ ಕೊಡುವುದು ಎಂದು ಅದರ ಮೂಲಾರ್ಥ. ಇಟಲಿಯವರು ಮೆಲುದನಿಗೆ ಹೇಳುವ 'ಪಿಯಾನೊ' ಅದರ ಇನ್ನೊಂದು ಕವಲು. ಕೋರ್ಟಿನ ಫಿರ್ಯಾದಿಗೆ ಹೇಳುವ 'ಪ್ಲೇಂಟಿಫ್' ಮಾತ್ರ ಈ ವಂಶದ್ದಲ್ಲ. ಅದರ ಬೇರು ಎದೆ ಬಡಿದುಕೊಂಡು ಗೋಳಾಡುವುದು ಎಂಬರ್ಥದ ಬೇರೊಂದು ಲ್ಯಾಟಿನ್ ಕ್ರಿಯಾಪದದಲ್ಲಿದೆ.

ಚಪ್ಪಟೆಯಿಂದ ಸ್ಪಷ್ಟಕ್ಕೆ ಅರ್ಥ ಹಾರಿದ ಬಗೆ ಕನ್ನಡಿಗರಿಗೆ ವಿಚಿತ್ರ ಎನಿಸಬೇಕಾಗಿಲ್ಲ. ಬಯಲು ಎಂದರೆ ತೆರೆದ ನೆಲ, ಗುಟ್ಟು ಬಯಲಾಯಿತು ಎಂದರೆ ಎಲ್ಲರಿಗೂ ತಿಳಿಯಿತು. ಹಗರಣವನ್ನು ನಮ್ಮ ಪತ್ರಿಕೆಗಳು ದಿನವೂ ಬಯಲಿಗೆಳೆಯುತ್ತವೆ. ಮರೆಗೆ ಗಿಡವೂ ಇಲ್ಲದ ಕಡೆ ಯಾರು ತಾನೇ ಏನನ್ನು ಬಚ್ಚಿಟ್ಟಾರು? ಬಯಲುಸೀಮೆಯ ಅನುಭವದಿಂದ ಕನ್ನಡ ಕಟ್ಟಿಕೊಂಡ ಅರ್ಥವನ್ನೇ ಇಂಗ್ಲಿಷು ಇನ್ನೊಂದು ದಾರಿಯಲ್ಲಿ ಮುಟ್ಟಿದೆ. ಆಮೇಲೆ ಎರಡೂ ಬೇರೆಯಾದವು. ವಚನಕಾರರ ಕೈಯಲ್ಲಿ ನಮ್ಮ ಬಯಲು ಶೂನ್ಯಕ್ಕೆ, ನಿರಾಕಾರಕ್ಕೆ ಏರಿತು. ಇಂಗ್ಲಿಷಿನ ಪ್ಲೇನು ಅಡುಗೆಮನೆಗೆ, ಅಂಗಡಿಗೆ, ಕೋರ್ಟಿಗೆ ಇಳಿಯಿತು.

ಅಂಗಡಿಯಲ್ಲಿ ಅದು ಮಾಡುವ ಕೆಲಸ ಕುತೂಹಲದ್ದು. ಹೊಸದೊಂದು ಬಂದ ಮೇಲೆ ಹಳೆಯದಕ್ಕೆ ಇಡುವ ಹೆಸರು ಅದು. ಮನೆಯ ಹೆಂಚಿನ ಮೇಲೆ ಹುಯ್ದ ದೋಸೆಗೆ ಯಾವ ವಿಶೇಷಣವೂ ಇರಲಿಲ್ಲ, ಅದು ಬರೀ ದೋಸೆ. ಹೊಟ್ಟೆಯಲ್ಲಿ ಆಲೂಗಡ್ಡೆ ಪಲ್ಯ ಇಟ್ಟುಕೊಂಡು ಮಸಾಲೆ ದೋಸೆ ಬಂದ ಮೇಲೆ, ಹಿರಿಯಕ್ಕನಿಗೆ ಪ್ಲೇನ್ ಎಂಬ ಬಿರುದು ಸಿಕ್ಕಿತು. ಇಂಗ್ಲೆಂಡಿನ ಹಿಟ್ಟಿನ ಕತೆಯೂ ಹೀಗೆಯೇ. ಬ್ರಿಸ್ಟಲ್ ನಗರದ ಹೆನ್ರಿ ಜೋನ್ಸ್ 1845ರಲ್ಲಿ ತಾನಾಗಿ ಉಬ್ಬುವ ಹಿಟ್ಟಿಗೆ ಪೇಟೆಂಟ್ ಪಡೆದ. ಉಬ್ಬುವ ಪುಡಿ ಬೆರೆಸಿದ ಆ ಹಿಟ್ಟು ಮಾರುಕಟ್ಟೆಗೆ ಬಂದ ಮೇಲೆ ಮಾಮೂಲಿ ಹಿಟ್ಟನ್ನು ಅದರಿಂದ ಬೇರ್ಪಡಿಸಿ ಹೇಳಬೇಕಾಯಿತು. ಇಂದಿಗೂ ಬ್ರಿಟನ್ನಿನ ಅಂಗಡಿಗಳಲ್ಲಿ ಅದು ಪ್ಲೇನ್ ಹಿಟ್ಟು. ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ 1875ರಲ್ಲಿ ಹಾಲಿನ ಚಾಕೊಲೇಟ್ ಮಾಡಿದ ಮೇಲೆ, ಅಲ್ಲಿಯವರೆಗಿನ ಕಪ್ಪು ಚಾಕೊಲೇಟಿಗೂ ಬ್ರಿಟಿಷರು ಅದೇ ಹಣೆಪಟ್ಟಿ ಹಚ್ಚಿದರು.

ಒಮ್ಮೊಮ್ಮೆ ಲೆಕ್ಕ ತಿರುಗುಮುರುಗು ಆಗುವುದೂ ಉಂಟು. ಹಳೆಯ ನಕಲು ಯಂತ್ರಗಳಲ್ಲಿ ಹಲವಕ್ಕೆ ರಾಸಾಯನಿಕ ಲೇಪಿಸಿದ ವಿಶೇಷ ಕಾಗದ ಬೇಕಿತ್ತು. 1959ರಲ್ಲಿ ಜೆರಾಕ್ಸ್ ಕಂಪನಿ 914 ಎಂಬ ಯಂತ್ರವನ್ನು ತಂದಿತು. ಯಾವ ಲೇಪವೂ ಇಲ್ಲದ ಸಾಧಾರಣ ಹಾಳೆಯ ಮೇಲೆ ನಕಲು ತೆಗೆಯುವುದೇ ಅದರ ಹೆಚ್ಚುಗಾರಿಕೆ. 'ಪ್ಲೇನ್ ಪೇಪರ್' ಎಂಬುದು ಆಗ ಹೆಮ್ಮೆಯಿಂದ ಹೇಳಿಕೊಳ್ಳುವ ಗುಣವಾಯಿತು. ನಮ್ಮೂರ ಓಣಿ ಓಣಿಯಲ್ಲಿ ಜೆರಾಕ್ಸ್ ಅಂಗಡಿ ತೆರೆಯಲು ಸಾಧ್ಯವಾದದ್ದೇ ಕಾಗದ ಹಾಗೆ ಅಗ್ಗವಾದ್ದರಿಂದ.

ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಈ ಹೆಸರು ನಿಂತಿದೆ ಎನ್ನಲು ನಮ್ಮ ಹೊಲದ ಬದುವಿನಲ್ಲೇ ಸಾಕ್ಷಿಯಿದೆ. ಎಕ್ಕದ ಗಿಡದ ಸುತ್ತ ಹಾರುವ ಕಿತ್ತಳೆ ಬಣ್ಣದ ಚಿಟ್ಟೆಯನ್ನು ನೋಡದವರಿಲ್ಲ. ರೆಕ್ಕೆಯ ತುದಿಗೆ ಕಪ್ಪು, ಕಪ್ಪಿನೊಳಗೆ ಬಿಳಿ ಪಟ್ಟಿ, ಅಂಚಿಗೆ ಬಿಳಿ ಚುಕ್ಕೆಗಳ ಸಾಲು. ಇಷ್ಟು ಸಿಂಗಾರವಾಗಿರುವ ಚಿಟ್ಟೆಗೆ ಇಂಗ್ಲಿಷಿನಲ್ಲಿ 'ಪ್ಲೇನ್ ಟೈಗರ್' ಎಂದು ಹೆಸರು. ಯಾಕೆಂದರೆ ಅದರ ದಾಯಾದಿಯೊಂದಿದೆ, 'ಸ್ಟ್ರೈಪ್ಡ್ ಟೈಗರ್'. ಅದರ ರೆಕ್ಕೆಯ ನರಗಳ ಗುಂಟ ಕಪ್ಪು ಗೆರೆಗಳಿವೆ, ಇದಕ್ಕೆ ಅವಿಲ್ಲ. ಅಷ್ಟಕ್ಕೇ ಇದು ಸಾದಾ ಆಯಿತು.

ಚಿಟ್ಟೆಗಳ ಲೋಕದಲ್ಲಿ ಮಾತ್ರ ಈ 'ಸಾದಾ' ಚಿಟ್ಟೆಯ ಮರ್ಯಾದೆ ದೊಡ್ಡದು. ಮರಿಯಾಗಿದ್ದಾಗ ಎಕ್ಕದಂಥ ಹಾಲು ಸುರಿಸುವ ಗಿಡಗಳ ಎಲೆ ತಿಂದು ಅದರ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವುದರಿಂದ, ಒಮ್ಮೆ ಕಚ್ಚಿ ನೋಡಿದ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ಆ ಧೈರ್ಯದಿಂದಲೇ ಅದರ ಹಾರಾಟ ನಿಧಾನ. ವಿಷವಿಲ್ಲದ ಇನ್ನೊಂದು ಜಾತಿಯ ಹೆಣ್ಣು ಚಿಟ್ಟೆ ಜೀವ ಉಳಿಸಿಕೊಳ್ಳಲು ಇದರ ವೇಷವನ್ನೇ ಹಾಕಿಕೊಂಡು ತಿರುಗುತ್ತದೆ. ಈಜಿಪ್ಟಿನ ನೆಬಾಮುನ್ ಎಂಬ ಅಧಿಕಾರಿಯ ಗೋರಿಯಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದೆ ಬರೆದ ಬೇಟೆಯ ಚಿತ್ರದಲ್ಲೂ ಈ ಚಿಟ್ಟೆ ಇದೆ. ಹಕ್ಕಿಗೂ ಚಿತ್ರಕಾರನಿಗೂ ಎದ್ದು ಕಂಡದ್ದು ಹೆಸರಿಟ್ಟವರಿಗೆ ಮಾತ್ರ ಪಟ್ಟೆ ಸಾಲದೆ ಕಂಡಿತು.

ವೆನಿಲ್ಲಾಕ್ಕೂ ಇದೇ ಅನ್ಯಾಯ ಆಗಿದೆ. ಯಾವ ವಿಶೇಷವೂ ಇಲ್ಲದ್ದನ್ನು ಅಮೆರಿಕದವರು 'ಪ್ಲೇನ್ ವೆನಿಲ್ಲಾ' ಎನ್ನುತ್ತಾರೆ. ಹಣಕಾಸು ಪೇಟೆಯಲ್ಲಿ ಅತ್ಯಂತ ಸಾಮಾನ್ಯ ಕರಾರಿಗೂ ಅದೇ ಹೆಸರು. ಸಾಗರ, ಶಿರಸಿ ಕಡೆಯ ತೋಟಿಗರನ್ನು ಕೇಳಿದರೆ ನಕ್ಕಾರು. ವೆನಿಲ್ಲಾ ಹೂವು ಅರಳುವುದು ಒಂದೇ ಬೆಳಗು. ಅಷ್ಟರಲ್ಲಿ ಕಡ್ಡಿಯಿಂದ ಅದರೊಳಗಿನ ಪರದೆಯನ್ನು ಎತ್ತಿ, ಒಂದೊಂದೇ ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡಬೇಕು. ಈ ಉಪಾಯವನ್ನು 1841ರಲ್ಲಿ ಕಂಡುಹಿಡಿದವನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಹನ್ನೆರಡು ವರ್ಷದ ಹುಡುಗ ಎಡ್ಮಂಡ್ ಆಲ್ಬಿಯಸ್. ಈ ಶತಮಾನದ ಮೊದಲ ವರ್ಷಗಳಲ್ಲಿ ವೆನಿಲ್ಲಾಕ್ಕೆ ಬಂಗಾರದ ಬೆಲೆ ಬಂದಾಗ ಮಲೆನಾಡಿನ ತೋಟಗಳಲ್ಲಿ ರಾತ್ರಿ ಕಾವಲು ಕೂತವರಿದ್ದಾರೆ, ಬೆಲೆ ಕುಸಿದಾಗ ಬಳ್ಳಿ ಕಿತ್ತೆಸೆದವರೂ ಇದ್ದಾರೆ. ಐಸ್‌ಕ್ರೀಮಿನಲ್ಲಿ ಕಣ್ಣಿಗೆ ಕಾಣುವ ಬಣ್ಣವಿಲ್ಲ ಎಂಬ ಒಂದೇ ಕಾರಣಕ್ಕೆ ಇಷ್ಟೆಲ್ಲ ದುಡಿಮೆ 'ಪ್ಲೇನ್' ಆಗಿಹೋಯಿತು.

ಹೆಣ್ಣಿನ ರೂಪದ ಮಾತಿಗೆ ಬಂದಾಗ ಈ ಪದ ಇನ್ನೂ ನಾಜೂಕಾಗಿ ಚುಚ್ಚುತ್ತದೆ. 'ಹುಡುಗಿ ನೋಡೋಕೆ ಸುಮಾರು' ಎಂದು ನಮ್ಮವರು ರಾಗ ಎಳೆಯುವಂತೆಯೇ ಅದು. ಕುರೂಪಿ ಎನ್ನುವ ಪಾಪ ಕಟ್ಟಿಕೊಳ್ಳದೆ ಅದನ್ನೇ ಹೇಳಿ ಮುಗಿಸುವುದು. ಇಂಗ್ಲಿಷ್ ಕಾದಂಬರಿಕಾರ್ತಿ ಷಾರ್ಲೆಟ್ ಬ್ರಾಂಟೆ ಇದನ್ನು ಸಹಿಸಲಿಲ್ಲ. ಕಾದಂಬರಿಯ ನಾಯಕಿ ಚೆಲುವೆಯೇ ಆಗಿರಬೇಕೇ, ನನ್ನಷ್ಟೇ ಸಾಧಾರಣ ರೂಪಿನ, ನನ್ನಷ್ಟೇ ಗಿಡ್ಡ ಹೆಣ್ಣನ್ನು ನಾಯಕಿ ಮಾಡಿ ತೋರಿಸುತ್ತೇನೆ ಎಂದು ಆಕೆ ತಂಗಿಯರಿಗೆ ಸವಾಲು ಹಾಕಿದ್ದಳೆಂದು ಅವಳ ಜೀವನಚರಿತ್ರೆಯಲ್ಲಿ ದಾಖಲಾಗಿದೆ. 1847ರಲ್ಲಿ ಬಂದ 'ಜೇನ್ ಏರ್' ಆ ಸವಾಲಿನ ಫಲ.

ಮೇಲಿನ ಉದಾಹರಣೆಗಳಲ್ಲೆಲ್ಲ ಹೊರಗಿನವರು ನೋಡಿ ಹೆಸರಿಟ್ಟರು. ತಾವೇ ಬೇಕೆಂದು ಕಳೆದುಕೊಂಡು ಪ್ಲೇನ್ ಆದವರ ಕತೆ ಬೇರೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಎಂಬುವನ ಬೋಧನೆಯಿಂದ ಕ್ವೇಕರ್ ಪಂಥ ಹುಟ್ಟಿತು. ದೇವರ ಮುಂದೆ ಎಲ್ಲರೂ ಸಮಾನರು ಎಂಬುದನ್ನು ಇವರು ಮಾತಿನಲ್ಲೇ ಜಾರಿಗೆ ತಂದರು. ಆಗಿನ ಇಂಗ್ಲಿಷಿನಲ್ಲಿ ನಮ್ಮ ನೀನು-ನೀವುಗಳ ಹಾಗೆ 'ದೌ' ಮತ್ತು 'ಯೂ' ಎಂಬ ಭೇದವಿತ್ತು. ಆಳಿಗೆ, ಮಕ್ಕಳಿಗೆ, ಸಲಿಗೆಯವರಿಗೆ ದೌ. ದೊಡ್ಡವರಿಗೆ ಯೂ. ಕ್ವೇಕರರು ಬಹುವಚನದ ಮರ್ಯಾದೆಯನ್ನೇ ಕಿತ್ತುಹಾಕಿ ಧಣಿಗೂ ನ್ಯಾಯಾಧೀಶನಿಗೂ ಏಕವಚನ ಹಚ್ಚಿದರು. ಅದನ್ನವರು 'ಪ್ಲೇನ್ ಮಾತು' ಎಂದು ಕರೆದರು. ತಾಲ್ಲೂಕು ಕಚೇರಿಯಲ್ಲಿ ತಹಸೀಲ್ದಾರರಿಗೆ 'ನೀನು ಸಹಿ ಹಾಕು' ಎಂದು ಹೇಳಿದರೆ ಏನಾದೀತೆಂದು ಊಹಿಸಬಲ್ಲ ಕನ್ನಡಿಗರಿಗೆ ಅದರ ಬಿಸಿ ಬೇಗ ತಟ್ಟುತ್ತದೆ.

ದೊಡ್ಡವರ ಮುಂದೆ ಟೋಪಿ ತೆಗೆಯುವುದೂ ಅವರಿಗೆ ನಿಷಿದ್ಧ. 1670ರಲ್ಲಿ ವಿಲಿಯಂ ಪೆನ್ ಎಂಬ ಕ್ವೇಕರನನ್ನು ಲಂಡನ್ನಿನ ಕೋರ್ಟಿಗೆ ಕರೆತಂದಾಗ ನಡೆದದ್ದು ನಾಟಕದ ದೃಶ್ಯದಂತಿದೆ. ಬಾಗಿಲಲ್ಲಿ ಸಿಬ್ಬಂದಿ ಅವನ ಟೋಪಿ ತೆಗೆದುಬಿಟ್ಟಿದ್ದರು. ಪೀಠದವರು ಅದನ್ನು ಮತ್ತೆ ಅವನ ತಲೆಯ ಮೇಲೆ ಇಡಿಸಿ, ತೆಗೆಯಲಿಲ್ಲವೆಂದು ದಂಡ ಹಾಕಿದರು. ಮುಂದೆ ಅಮೆರಿಕದಲ್ಲಿ ಪೆನ್ಸಿಲ್ವೇನಿಯ ವಸಾಹತನ್ನು ಸ್ಥಾಪಿಸಿದವನು ಇದೇ ಪೆನ್.

ಪಂಥದ ಪಾಡು ಆಮೇಲೆ ತಮಾಷೆಯಾಯಿತು. ಇಂಗ್ಲಿಷ್ ಸಮಾಜ ನಿಧಾನವಾಗಿ ದೌ ಎಂಬುದನ್ನು ಕೈಬಿಟ್ಟು ಎಲ್ಲರಿಗೂ ಯೂ ಎನ್ನತೊಡಗಿತು. ಸಮಾನತೆ ಬಂದದ್ದು ಎದುರು ದಿಕ್ಕಿನಿಂದ, ಎಲ್ಲರಿಗೂ ಬಹುವಚನ ಸಿಗುವ ಮೂಲಕ. ಹಳೆಯ ಏಕವಚನ ಹಿಡಿದು ಕೂತ ಕ್ವೇಕರರ ಪ್ಲೇನ್ ಮಾತು ಊರಿಗೆಲ್ಲ ವಿಚಿತ್ರವಾಗಿ ಕೇಳತೊಡಗಿತು. ಪೆನ್ ಸ್ಥಾಪಿಸಿದ ನಾಡಿಗೆ ಹದಿನೆಂಟನೆಯ ಶತಮಾನದಲ್ಲಿ ಬಂದು ನೆಲೆಸಿದ ಆಮಿಶ್ ಎಂಬ ಇನ್ನೊಂದು ಕ್ರೈಸ್ತ ಪಂಥದ ಜನ ಇಂದಿಗೂ 'ಪ್ಲೇನ್ ಜನ' ಎಂದೇ ಹೆಸರಾದವರು. ಕುದುರೆ ಗಾಡಿ, ಒಂದೇ ಬಣ್ಣದ ಬಟ್ಟೆ, ಮದುವೆಯಾದ ಗಂಡಸಿಗೆ ಗಡ್ಡ, ಮೀಸೆ ಮಾತ್ರ ಇಲ್ಲ. ಗುಂಡಿಯ ಬದಲು ಕೊಕ್ಕೆ ಹಾಕುವವರೂ ಅವರಲ್ಲಿದ್ದಾರೆ. ಟೋಪಿಯ ಅಂಚು ಎಷ್ಟಗಲ ಇರಬೇಕು ಎಂಬಲ್ಲಿಗೂ ಕಟ್ಟಳೆ ಹೋಗುತ್ತದೆ. ಅಷ್ಟು ಕಟ್ಟುನಿಟ್ಟಾಗಿ ಸಾದಾ ಇರುವುದರಿಂದಲೇ ಅವರನ್ನು ನೋಡಲು ಪ್ರವಾಸಿಗರು ಬರುತ್ತಾರೆ.

ಕಳೆಯುವ ಕೆಲಸವನ್ನು ಸರಕಾರವೇ ಕೈಗೆತ್ತಿಕೊಂಡದ್ದು ಆಸ್ಟ್ರೇಲಿಯದಲ್ಲಿ. 2011ರಲ್ಲಿ ಅಲ್ಲಿನ ಸಂಸತ್ತು ತಂಬಾಕಿನ ಪ್ಲೇನ್ ಪ್ಯಾಕೇಜಿಂಗ್ ಕಾಯಿದೆ ತಂದಿತು. 2012ರ ಡಿಸೆಂಬರ್ 1ರಿಂದ ಯಾವ ಸಿಗರೇಟು ಪ್ಯಾಕಿನ ಮೇಲೂ ಕಂಪನಿಯ ಲಾಂಛನ, ಬಣ್ಣ, ಮಿಂಚು ಇರುವಂತಿಲ್ಲ. ಹೆಸರು ಮಾತ್ರ ಎಲ್ಲ ಕಂಪನಿಗೂ ಒಂದೇ ಅಕ್ಷರ ಶೈಲಿಯಲ್ಲಿ, ಒಂದೇ ಗಾತ್ರದಲ್ಲಿ. ಹಾಗಾದರೆ ಪ್ಯಾಕು ಬಿಳಿಯಾಗಿತ್ತೇ? ಇಲ್ಲ. ಬಿಳಿ ಶುದ್ಧವಾಗಿ, ಹಗುರವಾಗಿ ಕಂಡುಬಿಡುತ್ತದೆ. ಸೇದುವವರಿಗೆ ಬಣ್ಣಗಳನ್ನು ತೋರಿಸಿ ತೋರಿಸಿ, ಯಾರಿಗೂ ಬೇಡವಾದ ಕೆಸರುಗಂದನ್ನು ಆರಿಸಿದರು. ಬಣ್ಣಗಳ ಪಟ್ಟಿಯಲ್ಲಿ ಅದು ಪ್ಯಾಂಟೋನ್ 448 ಸಿ. ಮೊದಲು ಅದನ್ನು ಆಲಿವ್ ಹಸಿರು ಎನ್ನುತ್ತಿದ್ದರು. ನಮ್ಮ ಬೆಳೆಯ ಹೆಸರು ಕೆಡುತ್ತದೆ ಎಂದು ಆಲಿವ್ ಬೆಳೆಗಾರರ ಸಂಘ ತಕರಾರು ತೆಗೆದ ಮೇಲೆ ಮಂಕು ಕಂದು ಎಂದು ಬದಲಾಯಿಸಿದರು. ಆ ಪ್ಯಾಕಿನ ಮುಂಭಾಗದ ಶೇಕಡ 75, ಹಿಂಭಾಗದ ಶೇಕಡ 90 ಜಾಗದಲ್ಲಿ ಕೊಳೆತ ಕಾಲು, ಕರಗಿದ ಹಲ್ಲುಗಳಂಥ ಎಚ್ಚರಿಕೆಯ ಚಿತ್ರಗಳು. ಇದಕ್ಕಿಂತ ಸಾದಾ ಅಲ್ಲದ ಪ್ಯಾಕು ಇನ್ನೊಂದಿರಲಾರದು. ಕಂಪನಿಯ ಅಲಂಕಾರವನ್ನು ತೆಗೆದು ಸರಕಾರ ತನ್ನ ಮಾತನ್ನು ಅಲ್ಲಿ ಕೂರಿಸಿತು, ಅಷ್ಟೆ. ಕಂಪನಿಗಳು ಹೂಡಿದ ದಾವೆಯನ್ನು ಅಲ್ಲಿನ ಹೈಕೋರ್ಟ್ 2012ರಲ್ಲೇ ತಳ್ಳಿಹಾಕಿತು. ಭಾರತದಲ್ಲಿ ಪ್ಯಾಕು ಪ್ಲೇನ್ ಆಗಿಲ್ಲ. ಶೇಕಡ 85 ಜಾಗದ ಚಿತ್ರ ಎಚ್ಚರಿಕೆಗೇ ದೊಡ್ಡ ವ್ಯಾಜ್ಯ ನಡೆಯಿತು. 2017ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಕಾನೂನಿನವರ ಕೈಯಲ್ಲಿ ಪ್ಲೇನ್ ಇನ್ನೊಂದು ವೇಷ ಹಾಕುತ್ತದೆ. ಕಾಯಿದೆಯ ಪದಗಳಿಗೆ ನೇರವಾದ ಅರ್ಥವನ್ನೇ ಹಿಡಿಯಬೇಕು ಎಂಬ ಹಳೆಯ ಸೂತ್ರಕ್ಕೆ 'ಪ್ಲೇನ್ ಅರ್ಥದ ನಿಯಮ' ಎಂದು ಹೆಸರು. ಕೇಳಲು ಚೆನ್ನಾಗಿದೆ. 1868ರಲ್ಲಿ ಇಂಗ್ಲೆಂಡಿನ ಕೋರ್ಟಿಗೆ ಒಂದು ಮೊಕದ್ದಮೆ ಬಂತು. ಒಬ್ಬಾತ ಸತ್ತವನ ಹೆಸರಿನಲ್ಲಿ ಮತ ಹಾಕಿ ಸಿಕ್ಕಿಬಿದ್ದಿದ್ದ. ಮತದ ಹಕ್ಕುಳ್ಳ ವ್ಯಕ್ತಿಯ ಸೋಗು ಹಾಕುವುದು ಅಪರಾಧ ಎಂದು ಕಾಯಿದೆ ಹೇಳುತ್ತಿತ್ತು. ಸತ್ತವನಿಗೆ ಮತದ ಹಕ್ಕಿಲ್ಲವಲ್ಲ? ಆರೋಪಿ ಖುಲಾಸೆಯಾದ. ಕಂಪ್ಯೂಟರ್ ಭದ್ರತೆಯವರು ಸಂಕೇತಕ್ಕೆ ಇಳಿಸದ ಬರಹವನ್ನು 'ಪ್ಲೇನ್ ಟೆಕ್ಸ್ಟ್' ಎನ್ನುವುದೂ ಈ ಜಾತಿಯದೇ. ಅದು ಸಂಕೇತಲಿಪಿಯಲ್ಲಿಲ್ಲ, ನಿಜ. ಓದಿದರೆ ತಿಳಿಯುತ್ತದೆಂಬ ಖಾತರಿಯೇನೂ ಇಲ್ಲ.

ಓದಿದರೆ ತಿಳಿಯಬೇಕು ಎಂದು ಹಟ ಹಿಡಿದವರೂ ಇದ್ದಾರೆ. 1604ರಲ್ಲಿ ರಾಬರ್ಟ್ ಕಾಡ್ರಿ ಎಂಬ ಶಾಲಾ ಮೇಷ್ಟ್ರು ಮೊದಲ ಇಂಗ್ಲಿಷ್-ಇಂಗ್ಲಿಷ್ ನಿಘಂಟನ್ನು ಅಚ್ಚು ಹಾಕಿಸಿದ. ಲ್ಯಾಟಿನ್, ಗ್ರೀಕ್, ಫ್ರೆಂಚುಗಳಿಂದ ಬಂದ ಸುಮಾರು 2,500 ಕಠಿಣ ಪದಗಳಿಗೆ ಪ್ಲೇನ್ ಇಂಗ್ಲಿಷಿನಲ್ಲಿ ಅರ್ಥ ಕೊಡುವುದಾಗಿ ಅದರ ಹೆಸರುಪುಟದಲ್ಲೇ ಹೇಳಿಕೊಂಡ. ಅದು ಹೆಂಗಸರಿಗಾಗಿ, ಹೆಚ್ಚು ಓದದವರಿಗಾಗಿ ಎಂದೂ ಸೇರಿಸಿದ. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನ ಹಣಕಾಸು ಇಲಾಖೆಯೇ ತನ್ನ ಗುಮಾಸ್ತರ ಗದ್ಯಕ್ಕೆ ಬೇಸತ್ತು, ಅರ್ನೆಸ್ಟ್ ಗವರ್ಸ್ ಎಂಬ ಹಿರಿಯ ಅಧಿಕಾರಿಯಿಂದ 'ಪ್ಲೇನ್ ವರ್ಡ್ಸ್' ಎಂಬ ಕೈಪಿಡಿ ಬರೆಸಿತು. 1948ರ ಆ ಪುಸ್ತಕ ಪರಿಷ್ಕಾರವಾಗುತ್ತ ಇಂದಿಗೂ ಓದುಗರ ಕೈಯಲ್ಲಿದೆ. 1979ರಲ್ಲಿ ಲಿವರ್‌ಪೂಲ್‌ನ ಕ್ರಿಸಿ ಮಾಹರ್ ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿ ನಿಂತು ಸರಕಾರಿ ಅರ್ಜಿ ನಮೂನೆಗಳನ್ನು ಜನರೆದುರೇ ಚೂರು ಚೂರು ಮಾಡಿ 'ಪ್ಲೇನ್ ಇಂಗ್ಲಿಷ್' ಚಳವಳಿ ಹೂಡಿದಳು. ನೆರವು ಸಿಗಬೇಕಾದ ಬಡವರಿಗೆ ಅರ್ಜಿಯ ಭಾಷೆಯೇ ಅಡ್ಡ ಬರುತ್ತಿದೆ ಎಂಬುದು ಅವಳ ಸಿಟ್ಟು. ಅಮೆರಿಕದಲ್ಲಿ 2010ರಿಂದ ಸರಕಾರಿ ಇಲಾಖೆಗಳು ಜನರಿಗೆ ತಿಳಿಯುವಂತೆ ಬರೆಯಬೇಕೆಂದು ಕಾಯಿದೆಯೇ ಇದೆ.

ಇವರೆಲ್ಲ ಕಳೆಯಹೊರಟದ್ದು ಓದುಗನ ಕಷ್ಟವನ್ನು. ಅದಕ್ಕಾಗಿ ಬರೆಯುವವನು ತನ್ನ ಕಷ್ಟವನ್ನು ಹೆಚ್ಚಿಸಿಕೊಳ್ಳಬೇಕಾಗುತ್ತದೆ. ಚಿಕ್ಕ ಪದ ಹಾಕಿದ ಮಾತ್ರಕ್ಕೆ ಗದ್ಯ ತಿಳಿಯಾಗುವುದಿಲ್ಲ ಎಂಬುದನ್ನು ನೋಡಲು ನಮ್ಮದೇ ಕಚೇರಿಗಳ ಕನ್ನಡ ಸಾಕು.

'ಸದರಿ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ' ಎಂಬ ಒಂದು ಸಾಲು ಮನೆಗೆ ಬಂತು ಎಂದುಕೊಳ್ಳಿ. ವಾಕ್ಯ ಚಿಕ್ಕದು, ಪದಗಳು ನಾಲ್ಕೇ, ಬಿಗುವಾದ ಸಂಸ್ಕೃತ ಸಮಾಸ ಒಂದೂ ಇಲ್ಲ. ಆದರೂ ಓದಿದವರಿಗೆ ಕೆಲಸ ಆಯಿತೋ ಬಿಟ್ಟಿತೋ ಗೊತ್ತಾಗುವುದಿಲ್ಲ. ಪಿಂಚಣಿ ಮಂಜೂರಾದರೂ ವಿಲೇವಾರಿ, ತಿರಸ್ಕಾರವಾದರೂ ವಿಲೇವಾರಿ. ಯಾರು ಮಾಡಿದರು? ಯಾಕೆ ಮಾಡಿದರು? ಇನ್ನು ನಾನೇನು ಮಾಡಬೇಕು? ಒಂದಕ್ಕೂ ಉತ್ತರವಿಲ್ಲ. ಕೊನೆಗೆ ಕೂತಿರುವ 'ಲಾಗಿದೆ' ಎಂಬ ಮೂರಕ್ಷರ ಮಾಡಿದವರನ್ನೇ ವಾಕ್ಯದಿಂದ ನುಣ್ಣಗೆ ಕೀಸಿಹಾಕಿದೆ. ಅದೇ ಪತ್ರ 'ನಿಮ್ಮ ಅರ್ಜಿಯನ್ನು ನಾನು ಒಪ್ಪಿಲ್ಲ, ವಯಸ್ಸಿನ ದಾಖಲೆ ಇರಲಿಲ್ಲ, ದಾಖಲೆ ತಂದು ಇದೇ ಕಚೇರಿಯಲ್ಲಿ ಮತ್ತೆ ಅರ್ಜಿ ಕೊಡಿ' ಎಂದಿದ್ದರೆ ಮೂರು ಪಟ್ಟು ಉದ್ದವಾಗುತ್ತಿತ್ತು, ಬಸ್ಸು ಹತ್ತಿ ಬಂದು ವಿಚಾರಿಸುವ ಒಂದು ದಿನದ ಕೂಲಿ ಉಳಿಯುತ್ತಿತ್ತು.

ಸರಕಾರಿ ಕನ್ನಡ ಸರಳವಾಗಲಿ ಎಂಬ ಕೂಗು ಎದ್ದಾಗಲೆಲ್ಲ ಚರ್ಚೆ ಸಂಸ್ಕೃತ ಪದ ಬೇಕೇ, ಪಾರಸಿ ಪದ ಬೇಕೇ, ಅಚ್ಚಗನ್ನಡ ಬೇಕೇ ಎಂಬಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಜನಕ್ಕೆ ವಿಲೇವಾರಿಯೂ ಗೊತ್ತು, ಮಂಜೂರೂ ಗೊತ್ತು, ತಿರಸ್ಕಾರವೂ ಗೊತ್ತು. ಪತ್ರದಲ್ಲಿ ಇಲ್ಲದಿರುವುದು ಹೊಣೆ ಹೊರುವ ಕರ್ತೃಪದ. ತಿದ್ದುವ ಕೆಲಸ ಪದಕೋಶದಿಂದ ಆರಂಭಿಸುವ ಬದಲು ಆ 'ಲಾಗಿದೆ'ಯಿಂದಲೇ ಆರಂಭವಾಗಲಿ.